ಕಾಶೀನಾಥನ ಎಡಗೈ

ಅಶೋಕಕುಮಾರ ತಮ್ಮನ ಎಡಗೈ ಹೆಬ್ಬೆರಳನ್ನು ಹಿಡಿದು ಮತ್ತೊಮ್ಮೆ ಎಳೆದ ರಭಸಕ್ಕೆ, ಗೋಡೆಗೆ ಒರಗಿಸಿ ಕೂಡಿಸಿದ್ದ ಮೈಯೇ ಮುಂದಕ್ಕೆ ವಾಲಿತು. ಪಕ್ಕದವರು ಭುಜ ಹಿಡಿದು ಸರಿಮಾಡಿದರು. ಕೊರಳ ಹಾರದಿಂದ ಚೆಂಡುಹೂಗಳು ಉದುರಿ ಮಡಿಲಿಗೆ ಬಿದ್ದವು. ಬೆರಳು ಮಾತ್ರ ಬಿಚ್ಚಿಕೊಳ್ಳಲಿಲ್ಲ.

“ಎಳೀಬ್ಯಾಡ್ರಿ ಭಾವಾ,” ಅಂದಳು ಲಲಿತಾಬಾಯಿ. ಗಂಡ ತೀರಿಕೊಂಡ ಮೇಲೆ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು.

ಕಾಶೀನಾಥ ಅವತ್ತು ನಸುಕಿನಲ್ಲಿ, ದಂಡೋತಿಯ ತನ್ನ ಮನೆಯಲ್ಲೇ, ಮಂಚದ ಮೇಲೆ ಎದ್ದು ಕೂತವನು ಹಾಗೆಯೇ ಹೋಗಿಬಿಟ್ಟಿದ್ದ. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮಣ್ಣಿಗೂ ಕೂತೇ ಹೋಗಬೇಕು. ಮೈ ಬಿಗಿಯುವ ಮೊದಲೇ ನೆರೆಯವರು ಓಡಿ ಬಂದು ಕಾಲು ಮಡಚಿ ಕೂಡಿಸಿದರು, ತಲೆ ವಾಲದಂತೆ ಬಟ್ಟೆ ಕಟ್ಟಿದರು, ಹಣೆಗೆ ವಿಭೂತಿ ಬಳಿದರು. ಎಲ್ಲ ಸರಿಯಾಗಿಯೇ ಮಾಡಿದ್ದರು. ಎಡಗೈಯನ್ನು ಮಾತ್ರ ಯಾರೂ ನೋಡಲಿಲ್ಲ. ಲಕ್ವಾ ಹೊಡೆದಂದಿನಿಂದ ಆ ಕೈ ಮುಷ್ಟಿಯಾಗಿಯೇ ಇರುತ್ತಿತ್ತು. ಊರಿನ ಕಣ್ಣಿಗೆ ಅದೇ ರೂಢಿಯಾಗಿತ್ತು. ಶಾಲಿನೊಳಗೆ ಇದ್ದದ್ದು ಇದ್ದಂತೆಯೇ ಬಿಟ್ಟರು. ಮಧ್ಯಾಹ್ನ ಗುರುಲಿಂಗಯ್ಯ ಸ್ವಾಮಿಗಳು ಬಂದು, ಕೊರಳ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಅದನ್ನು ಇಡಲು ಎಡ ಅಂಗೈ ಹುಡುಕಿದಾಗ ಅದು ಕಲ್ಲಾಗಿತ್ತು.

“ಬಲಗೈಯಾಗ ಇಡೋಣು ಯವ್ವಾ,” ಅಂದರು ಗುರುಲಿಂಗಯ್ಯ ಮೆಲ್ಲಗೆ. “ರೋಗದ ಮೈ. ಶಿವ ತಪ್ಪು ತಿಳಕೊಳ್ಳಂಗಿಲ್ಲ.”

“ಎಡಗೈಯಾಗೇ ಇಡಬೇಕ್ರಿ ಅಯ್ನೋರ.”

“ಹಂಗಂದ್ರ ಬೆರಳು ಮುರೀಬೇಕಾಗ್ತದ ನೋಡು ಲಲಿತಾ,” ಅಂದ ಅಶೋಕಕುಮಾರ. ಅವನ ಹಣೆಯಲ್ಲಿ ಬೆವರು, ಕಣ್ಣಲ್ಲಿ ನೀರು. “ಸೇಡಮದ ಬಳಗದವರು ಬಂದು ಕುಂತಾರ. ಹೊತ್ತು ಇಳೀಲಿಕತ್ತದ. ಹಟ ಮಾಡೋ ಟೈಮೇನಿದು?”

“ಮುರಿಯೂದೂ ಬ್ಯಾಡ, ಬಲಗೈಯೂ ಬ್ಯಾಡ. ಅವರು ದಿನಾ ಆ ಕೈ ತೆರದಾರ. ಇವತ್ತೊಂದಿನ ಮುಚ್ಚಿ ಕಳಸಾಕ ನನ್ನ ಮನಸು ಒಪ್ಪಲ್ದು.”

ಗುರುಲಿಂಗಯ್ಯ ಲಿಂಗವನ್ನು ತಮ್ಮ ಅಂಗೈಯಲ್ಲೇ ಹಿಡಿದುಕೊಂಡು ಗೋಡೆಗೆ ಒರಗಿ ಕೂತರು. “ಕುಂದ್ರು ಅಶೋಕ,” ಅಂದರು. “ಮಣ್ಣು ಎಲ್ಲೂ ಓಡಿ ಹೋಗಂಗಿಲ್ಲ.”

ಹೊರಗೆ ಅಂಗಳದಲ್ಲಿ ಬೇವಿನ ನೆರಳಿಗೆ ಮಂದಿ ತುಂಬಿತ್ತು. ಸೇಡಮದಿಂದ ಬಂದ ಸೋದರತ್ತೆಯೊಬ್ಬಳು ಕಟ್ಟೆಯ ಮೇಲಿನಿಂದ ಕಣ್ಣು ಕಿರಿದು ಮಾಡಿ ನೋಡಿದಳು.

“ಇದೇನವ್ವಾ, ಇಷ್ಟು ಮಂದಿ ಕೋಲು ಹಿಡಕೊಂಡು ಬಂದಾರ? ಜಗಳಕ್ಕೇನು?”

“ಜಗಳಾನೇ ಅಮ್ಮಾ,” ಅಂದ ಖಾಜಾಮಿಯಾ. ಭಂಕೂರದ ಫರಸಿಕಲ್ಲಿನ ಖಣಿಯಲ್ಲಿ ಬೆನ್ನ ಮೇಲೆ ಕಲ್ಲು ಬಿದ್ದು ನಡ ಹೋಗಿದ್ದ ಆಸಾಮಿ. ಈಗ ಎರಡು ಕೋಲಿನ ಮೇಲೆ ನಿಂತಿದ್ದ. “ಕಾಶೀನಾಥ ಡಾಕ್ಟ್ರು ನನ್ನ ಸಂಗಾಟ ವರ್ಷಗಟ್ಲೆ ಜಗಳಾಡ್ಯಾರ. ನನ್ನ ಹೆಂಡ್ತಿ ಹಮೀದಾಬೇಗಂಗ ಹೇಳ್ತಿದ್ರು, ‘ಇವನ ಕೈಯಾಗ ನೀರು ಕೊಡಬ್ಯಾಡ್ರಿ. ಒಂದು ಮಾರು ದೂರ ಇಡ್ರಿ, ಬೇಕಂದ್ರ ತಾನೇ ಬರ್ತಾನ.’ ನಾ ಕುಂತಲ್ಲೇ ಬೈತಿದ್ದೆ, ನಿಮ್ಮ ಕಸರತ್ತಿಗಿ ಬೆಂಕಿ ಹಚ್ಚಲಿ ಅಂತ. ಅವರು ಚಹಾ ಕುಡ್ಕೋತ ನಗ್ತಿದ್ರು. ಬೇಗಂಗಂತೂ ಭಾಳ ಖುಷಿ. ನನಗ ನೀರು ಕೊಡಬ್ಯಾಡ ಅಂತ ಸರಕಾರಿ ಹುಕುಂ ಸಿಕ್ಕಂಗಾಯ್ತಲ್ಲ!”

ಸೋದರತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಖಾಜಾಮಿಯಾ ನಗುತ್ತಲೇ ಮುಖ ಆ ಕಡೆ ತಿರುಗಿಸಿದ.

“ಆ ನೀರಿಗಿ ಹೋಗ್ತಾ ಹೋಗ್ತಾ ಕಾಲ್ ಬಂದ್ವು ಅಮ್ಮಾ.”

•

ಕಾಶೀನಾಥ ಚಿತ್ತಾಪುರದ ಪುನಶ್ಚೇತನ ತಂಡದಲ್ಲಿ ಫಿಜಿಯೋಥೆರಪಿಸ್ಟ್. ಆ ಹೆಸರು ಬಾಯಿಗೆ ಹತ್ತದೆ ಮಂದಿ ಅವನನ್ನು ಕಸರತ್ತಿನ ಡಾಕ್ಟ್ರು ಅನ್ನುತ್ತಿದ್ದರು. ದವಾಖಾನೆಯವರು ಮಾಡುವುದನ್ನೆಲ್ಲ ಮಾಡಿ ಮನೆಗೆ ಕಳಿಸಿದ ಮೇಲೆ ಅವನ ಕೆಲಸ ಸುರುವಾಗುತ್ತಿತ್ತು. ಲಕ್ವಾ ಹೊಡೆದವರು, ಖಣಿಯಲ್ಲಿ ನಡ ಮುರಿದವರು, ವಾಡಿಯ ಹಳಿಗಳ ಮೇಲೆ ಕಾಲು ಕಳೆದುಕೊಂಡವರು ಇದ್ದ ಮನೆಗಳಿಗೆ ಮೋಟರ್ ಸೈಕಲ್ಲಿನ ಮೇಲೆ ಹೋಗುತ್ತಿದ್ದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಮೊದಲು ರೋಗಿಯ ಮೈ ಮುಟ್ಟುತ್ತಿರಲಿಲ್ಲ. ಹೆಂಡತಿಯನ್ನೋ ಸೊಸೆಯನ್ನೋ ಕರೆದು ಹತ್ತಿರ ಕೂಡಿಸಿಕೊಳ್ಳುತ್ತಿದ್ದ.

“ನನ್ನ ಕೈ ವಾರಕ್ಕೊಮ್ಮಿ ಬರ್ತದ. ನಿಮ್ಮ ಕೈ ದಿನಾ ಮನ್ಯಾಗ ಇರ್ತದ. ನೀವು ಕಲೀರಿ.”

ಹೀಗೆ ಆ ಸೀಮೆಯಲ್ಲಿ ರೊಟ್ಟಿ ಬಡಿಯುವ ಎಷ್ಟೋ ಕೈಗಳು ಬಿಗಿದ ಮೊಣಕಾಲು ಮಡಚುವುದನ್ನೂ ಕಲಿತವು. ಆಗಾಗ ಯಾರೋ ಹೆಣ್ಣುಮಗಳು ತೊಗರಿ ತಂದುಕೊಟ್ಟು, ಡಾಕ್ಟ್ರು ನನಗೂ ಕಲಿಸ್ಯಾರ ಅಕ್ಕಾ ಎಂದು ಲಲಿತಾಬಾಯಿಗೆ ಹೇಳಿ ಹೋಗುತ್ತಿದ್ದಳು.

ಎರಡು ವರ್ಷದ ಹಿಂದೆ, ಸನ್ನತಿಯಲ್ಲಿ ಒಬ್ಬ ರೋಗಿಯನ್ನು ನೋಡಿ ಬರುವ ದಾರಿಯಲ್ಲಿ, ಅವನಿಗೇ ಲಕ್ವಾ ಹೊಡೆಯಿತು. ಕಾಲು ತಿರುಗಿ ಬಂತು, ಮಾತು ಬಂತು, ಎಡಗೈ ಮುಚ್ಚಿಕೊಂಡಿತು. ಮೋಟರ್ ಸೈಕಲ್ ಬಿಟ್ಟು ಬಸ್ಸು ಹಿಡಿದ. ಒಂದೇ ಕೈಯಲ್ಲಿ ತೋರಿಸಿ, ಉಳಿದದ್ದನ್ನು ಬಾಯಲ್ಲಿ ಹೇಳಿ, ಮತ್ತೆ ಊರೂರು ತಿರುಗಿದ.

ಒಂದು ಸಂಜೆ ಲಲಿತಾಬಾಯಿ ಅವನೆದುರು ಕೂತು ಕೈ ಚಾಚಿದಳು.

“ಊರ ಹೆಣ್ಮಕ್ಕಳಿಗೆಲ್ಲ ಕಲಸ್ತೀರಿ. ನನಗೂ ಕಲಸ್ರಿ. ಈ ಕೈ ನಾ ಬಿಡಿಸ್ತೀನಿ.”

“ಬ್ಯಾಡ. ನಿನಗ ಮನಿ ಕೆಲಸಾನೇ ಭಾಳ ಅದ.”

“ಅದು ಖರೇ ಮಾತಲ್ಲ.”

ಅವನು ಕೈಯನ್ನು ಶಾಲಿನೊಳಗೆ ಎಳೆದುಕೊಂಡ. ಆಕೆ ಮತ್ತೆ ಕೇಳಲಿಲ್ಲ. ನೋವನ್ನು ಒಲೆಯ ಹಿಂದೆ ಇಟ್ಟು ರೊಟ್ಟಿ ಬಡಿದಳು.

ದಿನಾ ಬೆಳಿಗ್ಗೆ ಅವನು ಮಿಂದು ಪೂಜೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಇಷ್ಟಲಿಂಗದ ಪೂಜೆಗೆ ಎಡ ಅಂಗೈಯೇ ಪೀಠ. ಅದು ತೆರೆಯದೆ ಪೂಜೆಯಿಲ್ಲ. ಮೊದಲು ಬೇಗ ಮುಗಿಯುತ್ತಿದ್ದ ಪೂಜೆ ಈಗ ಬಿಸಿಲು ಅಂಗಳಕ್ಕೆ ಬರುವತನಕ ನಡೆಯುತ್ತಿತ್ತು. ಜ್ವರವಿರಲಿ, ಮಳೆಯಿರಲಿ, ಒಂದು ದಿನವೂ ಬಿಡಲಿಲ್ಲ. ಆ ಕೈಯನ್ನು ಹೇಗೆ ತೆರೆಯುತ್ತಾನೆಂಬುದು ಮಾತ್ರ ಬಾಗಿಲಿನ ಆ ಕಡೆಯ ಮಾತಾಗಿಯೇ ಉಳಿಯಿತು.

•

ಅಂಗಳದ ಮಂದಿಯನ್ನು ಸರಿಸಿಕೊಂಡು ನಾಹಿದ ಒಳಗೆ ಬಂದಳು. ಅದೇ ತಂಡದಲ್ಲಿ ಕಾಶೀನಾಥನ ಕೈಕೆಳಗೆ ಕೆಲಸ ಕಲಿತ ಹುಡುಗಿ. ಶಹಾಬಾದದಿಂದ ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತು ಕಣ್ಣು ಕೆಂಪಗಾಗಿದ್ದವು. ಮುಷ್ಟಿಯನ್ನು ನೋಡಿದ ಕೂಡಲೇ ವಿಷಯ ತಿಳಿಯಿತು. ಎದುರು ಮಂಡಿಯೂರಿ ಎರಡೂ ಕೈ ಚಾಚಿದವಳು, ಅರ್ಧಕ್ಕೇ ನಿಂತಳು.

“ನಾ ಮಾಡಬಹುದು ಅಮ್ಮಾ,” ಅಂದಳು. “ಆದ್ರ ಸರ್ ಇದ್ರ ನನಗ ಮಾಡಗೊಡ್ತಿದ್ದಿಲ್ಲ. ಮನಿಯವರ ಕೈಲೆ ಮಾಡಸು ಅಂತಿದ್ರು.”

“ಮನಿಯವರಿಗಿ ಕಲಸ್ಲೇ ಇಲ್ಲಲ್ಲ ನಾಹಿದ, ನಿಮ್ಮ ಸರ್.” ಲಲಿತಾಬಾಯಿಯ ದನಿ ಗಡುಸಾಗಿತ್ತು. “ಊರಿಗೆಲ್ಲ ಕಲಿಸಿದರು. ನಾ ಕೇಳಿದ್ರ ಕೈ ಮುಚ್ಚಿಟ್ಟುಕೊಂಡರು.”

ನಾಹಿದ ತಲೆ ಬಗ್ಗಿಸಿದಳು. “ಒಮ್ಮೆ ನಾನೂ ಕೇಳಿದ್ದೆ, ಅಮ್ಮಾರಿಗಿ ಯಾಕ ಕಲಸಂಗಿಲ್ಲ ಅಂತ. ‘ಎಲ್ಲರ ಮುಂದ ರೋಗಿ ಆಗ್ತೀನಿ ನಾಹಿದ, ಲಲಿತಾನ ಮುಂದ ಆಗ್ಲಾರೆ’ ಅಂದ್ರು.”

ಲಲಿತಾಬಾಯಿ ಗಂಡನ ಮುಖವನ್ನೇ ನೋಡಿದಳು. ಬೈಯಬೇಕೆನಿಸಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವನ ಎಡಕ್ಕೆ ಬಂದು ಕೂತಳು.

“ಹೇಳು. ಏನು ಮಾಡಲಿ?”

“ಬಿಸಿನೀರು, ಮೆತ್ತನ ಅರಿವಿ.”

ಬಿಸಿನೀರು ಬಂತು. ಹಿಂಡಿದ ಬಟ್ಟೆಯನ್ನು ಲಲಿತಾಬಾಯಿ ಮಣಿಕಟ್ಟಿನಿಂದ ಬೆರಳತನಕ ಸುತ್ತಿದಳು. ಆರಿದಾಗ ಮತ್ತೆ ಅದ್ದಿ ಸುತ್ತಿದಳು.

“ಬೆರಳಿಗಿ ಕೈ ಹಚ್ಚಬ್ಯಾಡ್ರಿ ಈಗ. ಬೆರಳು ಎಳದಷ್ಟೂ ಬಿಗೀತದ. ಮಣಿಕಟ್ಟು ಹಿಡೀರಿ. ಒಳಮಗ್ಗಲಿಗಿ ಬಗ್ಗಸ್ರಿ, ಮೆಲ್ಲಕ. ಜೋರ್ ಬ್ಯಾಡ, ನಿಮ್ಮ ಕೈಯಿನ ಭಾರ ಸಾಕು.”

“ಬಗ್ಗಲ್ದು.”

“ಕಾಯ್ರಿ. ಹಿಡದೇ ಇರ್ರಿ.”

ಹಿಡಿದೇ ಇದ್ದಳು. ಅಶೋಕಕುಮಾರ ಒಮ್ಮೆ ಬಾಗಿಲಿಗೆ ಹೋಗಿ ಬಿಸಿಲು ನೋಡಿದ, ಬಂದ, ಮತ್ತೆ ಹೋದ. ಹೊರಗೆ ಭಜನೆಯವರ ತಾಳ ಸುರುವಾಗಿ ನಿಂತಿತು. ಲಲಿತಾಬಾಯಿಯ ಹಣೆಯ ಬೆವರು ಮೂಗಿನ ತುದಿಗೆ ಬಂದು ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಗುರುಲಿಂಗಯ್ಯ ಕಣ್ಣು ಮುಚ್ಚಿ ಶಿವನಾಮ ಹಿಡಿದರು. ಆಕೆಯ ಉಸಿರೂ ಆ ನಾಮದ ಜೊತೆಗೇ ಇಳಿಯತೊಡಗಿತು. ಒಣಮಣ್ಣಿನ ಹೆಂಟೆ ನೀರು ಕುಡಿದು ಕದಲುವಂತೆ, ಮಣಿಕಟ್ಟು ಆಕೆಯ ಕೈಯಲ್ಲಿ ಕದಲಿತು.

“ನಾಹಿದ!”

“ಹೂಂ ಅಮ್ಮಾ. ಈಗ ಹೆಬ್ಬೆರಳು. ತುದಿ ಹಿಡೀಬ್ಯಾಡ್ರಿ, ಬುಡ ಹಿಡಿದು ಹೊರಗ ತರ್ರಿ.”

ಹೆಬ್ಬೆರಳಿನ ಬುಡಕ್ಕೆ ಆಕೆಯ ಹೆಬ್ಬೆರಳು ಕೂತಿತು. ಅದು ಹೊರಗೆ ಬಂತು. ಅದರ ಹಿಂದೆ ತೋರುಬೆರಳು, ನಡುಬೆರಳು ಸಡಿಲಾದವು. ಕಿರುಬೆರಳಿಗೆ ಬಹಳ ಹೊತ್ತು ಹಿಡಿಯಿತು. ಕೊನೆಗೆ ಅಂಗೈ ತೆರೆಯಿತು. ನಡುವೆ, ಗೆರೆಗಳೊಳಗೆ, ನಿನ್ನೆಯ ವಿಭೂತಿ ಇನ್ನೂ ಬೆಳ್ಳಗೆ ಕೂತಿತ್ತು.

ಗುರುಲಿಂಗಯ್ಯ ಲಿಂಗವನ್ನು ಅದರ ಮೇಲಿಟ್ಟರು.

ಲಲಿತಾಬಾಯಿ ಕೈ ತೆಗೆದಳು. ಬೆರಳುಗಳು ನಿಧಾನವಾಗಿ ಮತ್ತೆ ಒಳಕ್ಕೆ ಬಾಗತೊಡಗಿದವು.

“ಎರಡು ವರ್ಷ ಮುಚ್ಚಿದ ಕೈ ಅಮ್ಮಾ. ಬಿಟ್ರ ಮುಚ್ಚತದ,” ಅಂದಳು ನಾಹಿದ.

“ದಾರದಿಂದ ಕಟ್ಟೋಣು,” ಅಂದ ಅಶೋಕಕುಮಾರ.

“ಕಟ್ಟೂದು ಬ್ಯಾಡ ಭಾವಾ. ನಾ ಹಿಡೀತೀನಿ. ವಿಮಾನ ಎತ್ತರಿ.”

•

ಬಾಳೆ ಕಟ್ಟಿ ಹೂವಿನಿಂದ ಸಿಂಗರಿಸಿದ ಕುರ್ಚಿಗೆ ಅವರು ವಿಮಾನ ಅನ್ನುತ್ತಾರೆ. ಅದು ನಾಲ್ವರ ಹೆಗಲೇರಿದಾಗ ಕಾಶೀನಾಥನ ಮಡಿಲು ಲಲಿತಾಬಾಯಿಯ ತಲೆಗಿಂತ ಮೇಲಾಯಿತು. ಆಕೆ ತೋಳು ಎತ್ತಿ, ಅವನ ಅಂಗೈ ಕೆಳಗೆ ತನ್ನ ಅಂಗೈ ಕೊಟ್ಟು, ಬೆರಳುಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ನಡೆದಳು. ಮುಂದೆ ಭಜನೆ, ಹಿಂದೆ ಊರು, ಊರಿನ ಹಿಂದೆ ಕೋಲುಗಳ ಸದ್ದು. ಕಾಗಿಣಾ ಹೊಳೆಯ ದಂಡೆಯ ಹೊಲಕ್ಕೆ ಹೋಗುವ ಬಂಡಿಜಾಡು ಉದ್ದವಾಗಿತ್ತು. ಹೊತ್ತವರು ಹೆಗಲು ಬದಲಿಸಿದರು. ಆಕೆ ಕೈ ಬದಲಿಸಲಿಲ್ಲ.

ಖಾಜಾಮಿಯಾ ಕುಪ್ಪಳಿಸುತ್ತ ಪಕ್ಕಕ್ಕೆ ಬಂದ.

“ಅಕ್ಕಾ, ತೋಳು ನಡುಗಾಕತ್ತದ. ಜರಾ ನಾ ಹಿಡೀಲೇನು?”

“ನೀ ಹಿಡದ್ರ ನಿನ್ನ ಕೋಲು ಯಾರು ಹಿಡೀಬೇಕೋ?”

“ಅದೂ ಖರೇ ಅದ ಬಿಡ್ರಿ,” ಅಂದ. ವಿಮಾನ ಹೊತ್ತವರೊಳಗೊಬ್ಬ ನಗು ತಡೆಯಲಾರದೆ ಕೆಮ್ಮಿದ. ಆಕೆಯ ಮುಖವೂ ಸಡಿಲಾಯಿತು. ತೋಳು ಇಳಿಯಲಿಲ್ಲ.

ಕುಣಿಯ ಬಾಯಿಗೆ ಬಂದಾಗ ಹಿರಿಯನೊಬ್ಬ ಅಡ್ಡ ನಿಂತ. “ಹೆಣ್ಮಕ್ಕಳು ಕುಣ್ಯಾಗ ಇಳಿಯೂ ರೂಢಿ ಇಲ್ರಿ.”

ಗುರುಲಿಂಗಯ್ಯ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಶೋಕಕುಮಾರ ತಾನೇ ಮೊದಲು ಕುಣಿಗೆ ಇಳಿದಿದ್ದ. ಕೆಳಗಿನಿಂದ ಹೆಗಲು ಕೊಟ್ಟ.

“ಇಲ್ಲಿ ಕಾಲಿಡು ಲಲಿತಾ. ಕೈ ಬಿಡಬ್ಯಾಡ.”

ಒಳಗೆ, ಪಡುವಣಕ್ಕೆ ಕೊರೆದ ಗೂಡಿನಲ್ಲಿ ಕಾಶೀನಾಥನನ್ನು ಕೂಡಿಸಿದರು. ವಿಭೂತಿ ಬಿತ್ತು, ಪತ್ರಿ ಬಿತ್ತು. ಆಮೇಲೆ ಮಣ್ಣು. ಅಶೋಕಕುಮಾರ ಹೆಂಟೆಗಳನ್ನು ಕೈಯಿಂದಲೇ ಪುಡಿ ಮಾಡಿ ಇಳಿಬಿಟ್ಟ. ಮಣ್ಣು ಮಡಿಲಿಗೆ ಏರಿತು, ಮಣಿಕಟ್ಟಿಗೆ ಬಂತು, ಬೆರಳುಗಳ ನಡುವೆ ಒಂದೊಂದಾಗಿ ತುಂಬಿತು. ಒಂದು ಬೆರಳನ್ನು ಮಣ್ಣು ಹಿಡಿದಾಗ ಲಲಿತಾಬಾಯಿ ತನ್ನ ಒಂದು ಬೆರಳನ್ನು ಹಿಂದಕ್ಕೆ ತೆಗೆದಳು. ಅದು ಕದಲಲಿಲ್ಲವೆಂದು ನೋಡಿ ಇನ್ನೊಂದನ್ನು ತೆಗೆದಳು. ಕಿರುಬೆರಳಿನ ಹತ್ತಿರ ಬಹಳ ಹೊತ್ತು ಕಾದಳು.

ಎಲ್ಲ ಬೆರಳುಗಳನ್ನೂ ಮಣ್ಣು ಹಿಡಿಯಿತು. ಅಂಗೈ ತೆರೆದೇ ಇತ್ತು, ಅದರ ಮೇಲೆ ಲಿಂಗ. ಲಲಿತಾಬಾಯಿ ಪಕ್ಕದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು, ತನ್ನ ಕೈ ಇದ್ದ ಜಾಗದಲ್ಲಿ ಉಳಿದಿದ್ದ ಟೊಳ್ಳಿಗೆ ತುಂಬಿ, ಹೆಬ್ಬೆರಳಿನಿಂದ ಒತ್ತಿದಳು.