ಉಳಿದ ದ್ರಾಕ್ಷಾರಸ

ಬೂಟಿನ ಅಡಿಗೆ ಒಂದು ಹಳದಿ ಎಲೆ ಅಂಟಿಕೊಂಡಿದೆ, ವೇದಿಯ ಕಟಕಟೆಯ ಮುಂದೆ ಮೊಣಕಾಲೂರಿದ ಯಾರದೋ ಬೂಟು, ಮೊಣಕಾಲೂರಿದಾಗ ಎಲ್ಲರ ಅಂಗಾಲೂ ಹೀಗೆ ಸಭೆಗೆ ಮುಖ ಮಾಡುತ್ತದೆ, ಸವೆದ ಹಿಮ್ಮಡಿ, ಬಿಟ್ಟುಹೋದ ಹೊಲಿಗೆ, ಏನೂ ಮುಚ್ಚಿಡಲಾಗುವುದಿಲ್ಲ, ಅವಳು ಅಮ್ಮನ ಹಿಂದೆ ಬೆಂಚುಗಳ ನಡುವಿನ ದಾರಿಯಲ್ಲಿ ನಿಂತಿದ್ದಾಳೆ, ಈ ಸಾಲು ಎದ್ದರೆ ಮುಂದಿನದು ತಮ್ಮದೇ — ಎಲೆ ನೋಡು, ಎಲೆಯನ್ನಷ್ಟೇ ನೋಡು, ಹಿಂದೆ ತಿರುಗಬೇಡ, ಕೊನೆಯ ಬೆಂಚಿನಲ್ಲಿ ಗಂಟೆಯಜ್ಜ ಕೂತಿದ್ದಾನೆ, ಪ್ರಭುವಿನ ಭೋಜನಕ್ಕೆ ಎಲ್ಲರೂ ಎದ್ದರು, ಅವನು ಎದ್ದಿಲ್ಲ, ಇಪ್ಪತ್ತು ವರ್ಷ ಈ ಲೂಥರನ್ ಸಭೆಯ ಗಂಟೆ ಹೊಡೆದವನು, ಇವತ್ತು ಬೇರೆ ಯಾರೋ ಹೊಡೆದರು, ಎರಡು ಏಟು ಒಟ್ಟಿಗೆ, ಆಮೇಲೆ ತಡವರಿಸಿ ಒಂದು, ಮನೆಯಲ್ಲಿ ಜಡೆ ಹೆಣೆಯುತ್ತಿದ್ದ ಅವಳ ಕೈ ಹಾಗೇ ನಿಂತುಬಿಟ್ಟಿತ್ತು, ಅಮ್ಮ ನಿಟ್ಟುಸಿರು ಬಿಟ್ಟಳು, ಪಾಪ ಮುದುಕ, ಇಷ್ಟು ವರ್ಷ ಬಿಟ್ಟಿದ್ದವನಿಗೆ ಈ ವಯಸ್ಸಲ್ಲಿ ಮತ್ತೆ ಕುಡಿಯೋ ಬುದ್ಧಿ ಯಾಕೆ ಬಂತೋ, ಅದೂ ದೇವರ ಮೇಜಿನ ದ್ರಾಕ್ಷಾರಸ.

ಅವನು ಕುಡಿದಿಲ್ಲ ಅಮ್ಮ — ಅಷ್ಟೇ ಮಾತು, ನಾಲ್ಕು ಪದವೂ ಇಲ್ಲ, ಆದರೆ ಅವಳು ಕೆಲಸಕ್ಕೆ ಹೋಗುವ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹಚ್ಚುವಾಗ ದಾರ ಹಿಂಬದಿಯಲ್ಲಿ ಗಂಟು ಬಿದ್ದು ಎಷ್ಟು ಎಳೆದರೂ ಬರುವುದಿಲ್ಲವಲ್ಲ, ಹಾಗೆ, ಎಳೆದಷ್ಟೂ ಬಿಗಿ, ಏಳನೇ ತರಗತಿಯಲ್ಲೂ ಹೀಗೇ, ಎದ್ದು ನಿಂತು ಓದು ಅಂದರು ಮೇಷ್ಟ್ರು, ಪುಸ್ತಕ ಕಣ್ಣ ಮುಂದಿದೆ, ಅಕ್ಷರ ಎಲ್ಲ ಗೊತ್ತು, ದನಿ ಬರಲಿಲ್ಲ, ಮೂಗಿ ಕಣೋ ಅಂತ ಹಿಂದಿನ ಬೆಂಚಿನಿಂದ ನಗು, ಮೂರನೇ ದಿನದಿಂದ ಅವಳು ಶಾಲೆಗೆ ಹೋಗಲೇ ಇಲ್ಲ, ಇಲ್ಲಿ ಸಭೆಯಲ್ಲಾದರೆ ಯಾರೂ ಒಬ್ಬೊಬ್ಬರನ್ನೇ ಎಬ್ಬಿಸುವುದಿಲ್ಲ, ಹಾಡು ಎಲ್ಲರದೂ, ಪಾಪದ ಅರಿಕೆಯೂ ಎಲ್ಲರೂ ಸೇರಿ ಹೇಳುವುದು, ಆರಾಧನೆ ಮುಗಿದ ಮೇಲೆ ವೇದಿಯ ಪಕ್ಕದ ಕೋಣೆಯಲ್ಲಿ ಒಬ್ಬಳೇ ಪಾತ್ರೆ ತೊಳೆಯುವ ಕೆಲಸ, ಎಷ್ಟು ಇಷ್ಟ ಅವಳಿಗೆ ಆ ಕೆಲಸ, ಸಭೆಯ ಹಿರಿಯರ ಹೆಂಡತಿಯೇ ಕಲಿಸಿದ್ದು, ನೋಡು ಮಗಳೇ, ಆಶೀರ್ವಾದವಾದ ರಸ ಉಳಿದರೆ ಚರಂಡಿ ಸೇರಬಾರದು, ಹಿತ್ತಲಿನ ಮರದ ಬುಡಕ್ಕೆ, ಮಣ್ಣಿಗೆ, ನೆನಪಿಟ್ಕೋ.

ಎರಡು ಭಾನುವಾರದ ಹಿಂದೆ ಜನ ಕಡಿಮೆ, ಹೂಜಿಯಲ್ಲಿ ಅರ್ಧಕ್ಕರ್ಧ ಉಳಿದಿತ್ತು, ಹಿಂಬಾಗಿಲು ತೆರೆದರೆ ಆ ಮರದ ಕೆಳಗೇ ಹಾಡುವ ಗುಂಪಿನ ಹುಡುಗರು ಹುಡುಗಿಯರು, ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದಾರೆ, ಅವರ ಮಧ್ಯೆ ಹೂಜಿ ಹಿಡಿದು ಹೋಗಬೇಕು, ಸ್ವಲ್ಪ ಸರೀರಿ ಅನ್ನಬೇಕು, ಬಗ್ಗಿ ಸುರಿಯಬೇಕು, ಅವರೆಲ್ಲ ನೋಡುತ್ತಾರೆ — ಬಾಗಿಲು ಮುಚ್ಚಿದಳು, ಸಿಂಕಿಗೆ ಸುರಿದಳು, ನಲ್ಲಿ ಬಿಟ್ಟಳು, ಆ ಕೆಂಪು ಹೋಗುವುದಕ್ಕೆ ಎಷ್ಟು ಹೊತ್ತು ಬೇಕಾಯಿತು, ಹೂಜಿ ಒರೆಸುತ್ತಿರುವಾಗ ಗಂಟೆಯಜ್ಜ ಬಂದು ಬೀಗದ ಕೈ ಮೊಳೆಗೆ ನೇತುಹಾಕಿ, ಏನವ್ವ, ಕನ್ನಡಿ ಮಾಡ್ತೀಯಾ ಅದನ್ನ, ಅಂತ ನಕ್ಕು ಹೋದ, ಆಮೇಲೆ ಹಿರಿಯರ ಹೆಂಡತಿ ಬಂದರು, ಮರದ ಬುಡ ಒಣಗಿದೆಯಲ್ಲ, ನೀನು ಸುರಿದೆಯಾ ಅಲ್ಲಿ, ಅವಳು ಇಲ್ಲ ಅಂತ ತಲೆ ಅಲ್ಲಾಡಿಸಿದಳು, ಮತ್ತೆ ಅಷ್ಟು ರಸ ಎಲ್ಲಿ ಹೋಯ್ತು, ಈಗ ಹೇಳಬೇಕಿತ್ತು, ಈಗಲೇ, ಆದರೆ ಆಕೆ ಮೊಳೆಯಲ್ಲಿದ್ದ ಬೀಗದ ಕೈ ನೋಡಿಬಿಟ್ಟರು, ಅಯ್ಯೋ, ಆ ಮುದುಕ ಬಂದಿದ್ದನಾ ಇಲ್ಲಿಗೆ.

ಅವತ್ತೇ ಮುಂಬಾಗಿಲ ಹತ್ತಿರ ಹಿರಿಯರು ಅವನನ್ನು ತಡೆದು ನಿಲ್ಲಿಸಿದ್ದರು, ನಿಜ ಹೇಳಿಬಿಡು ಅಜ್ಜ, ಯಾರೂ ಬೈಯಲ್ಲ, ಎಲ್ಲರೂ ಚಹಾ ಲೋಟ ಹಿಡಿದು ಸುತ್ತ ನಿಂತಿದ್ದಾರೆ, ಗಂಟೆ ಇವತ್ತು ಹೊಟ್ಟೆಯೊಳಗೇ ಹೊಡ್ಕೊಂಡಿದೆ ಅಂದ ಹಾಡುವ ಹುಡುಗನೊಬ್ಬ, ನಗು, ಆಗ ಅಜ್ಜ ಟೋಪಿ ತೆಗೆದ, ಮೂಸಿ ನೋಡಿ ಸ್ವಾಮಿ, ನೀವೇ ಮೂಸಿ ನೋಡಿ, ಅಂತ ಬಾಯಿ ತೆರೆದ — ಡಾಕ್ಟರ ಮುಂದೆ ಮಗು ತೆರೆಯುವ ಹಾಗೆ, ಎಡಗಡೆ ಹಲ್ಲೇ ಇಲ್ಲ, ನಾಲಿಗೆ ನಡುಗುತ್ತಿದೆ, ಹಾ ಅಂತ ಉಸಿರು ಬಿಟ್ಟ, ಹಿರಿಯರು ಮುಖ ತಿರುಗಿಸಿದರು, ಬಾಯಿ ಮುಚ್ಚು ಮಾರಾಯ, ಅಸಹ್ಯ, ಅವನು ಇನ್ನೊಬ್ಬರ ಕಡೆ ತಿರುಗಿದ, ಬಾಯಿ ತೆರೆದುಕೊಂಡೇ, ಮತ್ತೊಬ್ಬರ ಕಡೆ, ಒಬ್ಬರೂ ಹತ್ತಿರ ಬರಲಿಲ್ಲ, ಒಬ್ಬರೂ ಮೂಸಲಿಲ್ಲ, ಅವಳ ಕಡೆಗೂ ತಿರುಗಿದ, ಅವಳ ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

ಸಾಲು ಎದ್ದಿತು, ಹಳದಿ ಎಲೆ ನೆಲದಲ್ಲೇ ಉಳಿಯಿತು, ನಡೆಯೇ, ಅಮ್ಮ ಮೊಣಕೈ ತಿವಿದಳು, ಕಟಕಟೆಯ ದಿಂಬು ಇನ್ನೂ ಬೆಚ್ಚಗಿದೆ, ಹಾರ್ಮೋನಿಯಂ ಮೆಲ್ಲಗೆ ನುಡಿಯುತ್ತಿದೆ, ಸಭಾಪಾಲಕ ಅಯ್ಯನವರು ಆ ತುದಿಯಿಂದ ಬರುತ್ತಿದ್ದಾರೆ, ನಿನಗಾಗಿ ಕೊಟ್ಟದ್ದು, ನಿನಗಾಗಿ ಕೊಟ್ಟದ್ದು, ಒಂದೊಂದೇ ಬಾಯಿ ತೆರೆಯುತ್ತದೆ, ಒಂದೊಂದರೊಳಗೂ ಪ್ರಭುವಿನ ರೊಟ್ಟಿಯ ಬಿಳಿ ಬಿಲ್ಲೆ, ಹಿರಿಯರ ಬಾಯಿ, ಅವರ ಹೆಂಡತಿಯ ಬಾಯಿ, ಅಮ್ಮನ ಬಾಯಿ, ಎಲ್ಲರೂ ತೆರೆಯುತ್ತಾರೆ, ಯಾರಿಗೂ ಅಸಹ್ಯವಿಲ್ಲ, ಅಯ್ಯನವರ ಬೆರಳು ಅವಳ ತುಟಿಯ ಮುಂದೆ ನಿಂತಿದೆ, ನಿನಗಾಗಿ — ತುಟಿ ಬಿಚ್ಚುತ್ತಿಲ್ಲ, ಬಿಚ್ಚಿದರೆ ಇದು ಒಳಗೆ ಹೋಗುವ ಮೊದಲು ಅದು ಹೊರಗೆ ಬರಬೇಕು, ಬಂತು, ಅವಳಿಗೇ ಕೇಳದಷ್ಟು ಸಣ್ಣಗೆ, ಅಯ್ಯನವರೇ, ರಸ ಅಜ್ಜ ಕುಡಿದಿಲ್ಲ, ನಾನು ಸಿಂಕಿಗೆ ಚೆಲ್ಲಿದೆ, ಅವರು ಬಗ್ಗಿದರು, ಒಂದು ಗಳಿಗೆ ಕಣ್ಣು ಮುಚ್ಚಿದರು, ಸರಿ ಮಗಳೇ, ದೇವರಿಗೆ ಗೊತ್ತಾಯ್ತು, ಆಮೇಲೆ ಕೋಣೆಗೆ ಬಾ, ಕೂತು ಮಾತಾಡೋಣ, ಈಗ ತಗೋ, ಎಷ್ಟು ಸುಲಭ, ಕೋಣೆ, ಮುಚ್ಚಿದ ಬಾಗಿಲು, ಅವರಿಬ್ಬರೇ, ಅವಳಿಗೆ ಅಳುವಷ್ಟು ಹಗುರವಾಯಿತು — ಅಜ್ಜನನ್ನು ಮಾತ್ರ ಬಾಗಿಲಲ್ಲಿ, ಚಹಾ ಲೋಟಗಳ ಮಧ್ಯೆ ನಿಲ್ಲಿಸಿದ್ದರು.

ಅವಳು ತೆಗೆದುಕೊಳ್ಳದೆ ಎದ್ದಳು, ಏನೇ ಇದು, ಕೂತ್ಕೋ, ಎಲ್ಲರೂ ನೋಡ್ತಿದ್ದಾರೆ, ಅಮ್ಮ ಸೆರಗು ಹಿಡಿದೆಳೆದಳು, ಹೌದು ನೋಡುತ್ತಿದ್ದಾರೆ, ಅವಳು ವೇದಿಗೆ ಬೆನ್ನು ಮಾಡಿ ತಿರುಗಿದಳು, ಇಷ್ಟೊಂದು ಮುಖ, ಎಲ್ಲ ಒಟ್ಟಿಗೆ, ಮೊದಲ ಬಾರಿ, ಗಂಟೆಯಜ್ಜ ಕುಡಿದಿಲ್ಲ, ನಾನು ಸುರಿದಿದ್ದು, ಸಿಂಕಿಗೆ ಸುರಿದೆ, ನಾನು, ದನಿ ಕೀಚಲಾಗಿ ಒಡೆದು ಗೋಡೆಯ ತನಕ ಹೋಯಿತು, ಹಾರ್ಮೋನಿಯಂ ನಿಂತಿತು, ತಲೆಗಳು ಕೊನೆಯ ಬೆಂಚಿನ ಕಡೆ ತಿರುಗಿದವು, ಅಜ್ಜ ಅವಳನ್ನೇ ನೋಡುತ್ತಿದ್ದಾನೆ, ಬೈಯಲಿ, ಏನಾದರೂ ಅನ್ನಲಿ, ಟೋಪಿ ಮಡಿಲಲ್ಲಿದೆ, ತುಟಿ ಬಿಗಿಯಾಗಿ ಮುಚ್ಚಿದೆ, ಮುಚ್ಚಿದೆ ಅಂತ ಅವಳಿಗೆ ಕಾಣುತ್ತಿದೆ, ಆದರೂ ಕಾಣುವುದು ತೆರೆದ ಬಾಯಿಯೇ, ಹಲ್ಲಿಲ್ಲದ ಎಡಗಡೆ, ನಡುಗುವ ನಾಲಿಗೆ, ಒಬ್ಬೊಬ್ಬರ ಕಡೆಗೂ ತಿರುಗುವ, ಅವಳ ಕಡೆಗೂ ತಿರುಗುವ, ಮುಚ್ಚದ ಬಾಯಿ.