ಸುರಂಗಕ್ಕೆ ಸಿಮೆಂಟು

ನೀರು ಉಳಿಸುವುದು ಹೇಗೆಂದು ಲೋಕಕ್ಕೆ ತೋರಿಸಲು ಹೋಗಿ ಮನೆಯ ನೀರನ್ನೇ ಕಳೆದುಕೊಂಡವರು ಯಾರಾದರೂ ಇದ್ದರೆ ಅದು ಬಾಯಾರಿನ ಮೂಕಾಂಬಿಕಾ. ಯಾರ ಹತ್ತಿರ ಹೇಳಿಕೊಳ್ಳುವುದು? ಹೇಳಿದರೆ ನಗುತ್ತಾರೆ.

ಅವಳ ಮನೆಯ ಹಿಂದಿನ ಗುಡ್ಡಕ್ಕೆ ಕೊರೆದ ಸುರಂಗಕ್ಕೆ ನಲವತ್ತು ವರ್ಷ. ಬೆನ್ನು ಬಗ್ಗಿಸಿ ಹೋಗುವಷ್ಟೇ ಎತ್ತರ. ತುದಿಯಲ್ಲಿ ಕೆಂಪು ಮುರಕಲ್ಲಿನ ನೆಲದಿಂದ, ಗೋಡೆಯ ಬುಡದಿಂದ ನೀರು ಜಿನುಗುತ್ತದೆ. ಸಣ್ಣ ಮಣ್ಣಿನ ಕಟ್ಟವೊಂದು ಅದನ್ನು ತಡೆದು ನಿಲ್ಲಿಸುತ್ತದೆ, ಅಲ್ಲಿಂದ ಪೈಪಿನಲ್ಲಿ ತಾನಾಗಿಯೇ ಅಂಗಳದ ಟಾಂಕಿಗೆ ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಟಾಂಕಿ ತುಂಬಿ ಉಕ್ಕಿದ್ದೆಲ್ಲ ಕೆಳಗಿನ ಮನೆಯ ಕೈಜಮ್ಮನಿಗೆ. ಇದು ಕಾಗದದಲ್ಲಿ ಬರೆದದ್ದಲ್ಲ, ಸುರಂಗ ತೋಡಿಸಿದ ಮಾವ ಬಾಯಿಮಾತಿನಲ್ಲಿ ಕೊಟ್ಟದ್ದು. ಒಂದು ಬೇಸಗೆಯೂ ತಪ್ಪಿರಲಿಲ್ಲ.

ಮೂಕಾಂಬಿಕಾ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಬಿಟ್ಟಿದ್ದಳು. ಪ್ಲಾಸ್ಟಿಕ್ ಬಾಟ್ಲಿ ತರಬಾರದು, ಸುರಂಗದ ನೀರನ್ನೇ ಕುಡಿಯಬೇಕು, ಹಿತ್ತಿಲಲ್ಲಿ ಬೆಳೆದದ್ದನ್ನೇ ಉಣ್ಣಬೇಕು. ಇದನ್ನು ಕೇಳಿಕೊಂಡು ಎರಡು ಸಾವಿರದ ಹದಿನೇಳರಲ್ಲಿ ಬಂದವನು ಕೃಷ್ಣಕುಮಾರ, 'ಹಸಿರು ದಾರಿ' ಎಂಬ ಸರಕಾರಿ ಪ್ರವಾಸ ಯೋಜನೆಯ ಮೇಲ್ವಿಚಾರಕ. ಸುರಂಗದ ಬಾಯಲ್ಲಿ ನಿಂತು, ಮಲಯಾಳದಲ್ಲಿ ಅಕ್ಕಾ ಎಂದು ಕರೆದು, "ಚೇಚೀ, ನಿಮಗೆ ಇದರ ಬೆಲೆ ಗೊತ್ತಿಲ್ಲ!" ಅಂದ. ದಿನಾ ಈ ನೀರಲ್ಲೇ ಅನ್ನ ಬೇಯಿಸುವವಳಿಗೆ ಬೆಲೆ ಗೊತ್ತಿಲ್ಲವಂತೆ!

ಅವನು ಐದು ಪುಟ ಮಲಯಾಳದ ಕಾಗದ ಮುಂದಿಟ್ಟ. ಗಡಿಯ ಈ ಊರಿನ ಸರಕಾರಿ ಕಾಗದವೆಲ್ಲ ಮಲಯಾಳದಲ್ಲಿ, ಮೂಕಾಂಬಿಕಾ ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಲು ಬರುತ್ತದೆ, ಅಕ್ಷರ ಬಾರದು.

"ಇದರಲ್ಲಿ ಎಂತ ಉಂಟು?"

"ಮಾಮೂಲಿ ಚೇಚಿ. ಒಂದು ಬೋರ್ಡು, ಒಂದು ಟಾಯ್ಲೆಟ್, ನಡೆಯುವ ದಾರಿ."

ರೇಷನ್ ಕಾರ್ಡಿನಿಂದ ಹಿಡಿದು ಮನೆ ತೆರಿಗೆಯವರೆಗೆ ಓದಲು ಬಾರದ ಎಷ್ಟು ಕಾಗದಕ್ಕೆ ಸೈನು ಹಾಕಿಲ್ಲ ಅವಳು? ಇದಕ್ಕೂ ಹಾಕಿದಳು.

ಆಮೇಲೆ ತಂಗಿಯ ಮಗಳ ಮದುವೆಗೆಂದು ಪುತ್ತೂರಿಗೆ ಹೋದವಳು ಆರನೇ ದಿನ ಬಂದು ನೋಡಿದರೆ, ಸುರಂಗದ ನೆಲಕ್ಕೆಲ್ಲ ಕಾಂಕ್ರೀಟು! ಒಳಗಿನ ಮಣ್ಣಿನ ಕಟ್ಟ ಹೋಗಿ ಅಲ್ಲಿ ಟೈಲ್ಸಿನ ತೊಟ್ಟಿ ಬಂದಿದೆ, ಗೋಡೆಯ ಬುಡಕ್ಕೆ ಸಿಮೆಂಟು, ಉದ್ದಕ್ಕೂ ನೀಲಿ ಲೈಟು. ಹುಡುಗನಾಗಿದ್ದಾಗ ತನ್ನ ಅಪ್ಪನ ಜೊತೆ ಈ ಸುರಂಗ ತೋಡಿದ್ದ ಕಿಟ್ಟಣ್ಣ ಸುರಂಗದ ಬಾಯಲ್ಲೇ ತಲೆಗೆ ಕೈ ಹೊತ್ತು ಕೂತಿದ್ದ.

"ನಾನು ಬೇಡ ಬೇಡ ಅಂದೆ ಅಕ್ಕ. ನೆಲ ಮುಚ್ಚಿದರೆ ನೀರು ಬರುವುದು ಎಲ್ಲಿಂದ? ನನ್ನ ಮಾತು ಯಾರು ಕೇಳ್ತಾರೆ?"

ಫೋನು ಮಾಡಿದರೆ ಕೃಷ್ಣಕುಮಾರನದು ಒಂದೇ ಮಾತು: ಪ್ರವಾಸಿಗಳು ಜಾರಿ ಬಿದ್ದರೆ ಯಾರು ಹೊಣೆ, ನಾಲ್ಕನೇ ಪುಟದಲ್ಲಿ ಎಲ್ಲ ಉಂಟು. ಮೂಕಾಂಬಿಕಾ ಯೋಜನೆಯ ಕಚೇರಿಗೆ ಕನ್ನಡದಲ್ಲಿ ದೂರು ಬರೆದು ಕಳಿಸಿದಳು. ಮಲಯಾಳದಲ್ಲಿ ಕೊಡಿ ಎಂದು ಅದು ತಿರುಗಿ ಬಂತು. ಅವಳಿಗೆ ಮೈಯೆಲ್ಲ ಉರಿಯಿತು. ಅವನ ಮೇಲಿನ ಸಿಟ್ಟಿಗಿಂತ ಆ ಸೈನು ಹಾಕಿದ ತನ್ನ ಕೈಯ ಮೇಲೆಯೇ ಸಿಟ್ಟು ಹೆಚ್ಚು.

ಪೈಪಿನ ನೀರು ದಿನದಿನಕ್ಕೆ ಸಣ್ಣಗಾಯಿತು. ಫೆಬ್ರವರಿಯಲ್ಲಿ ನಿಂತೇ ಹೋಯಿತು. ಇಷ್ಟು ದಿನ ಕಾದು ನೋಡಿದ ಕೈಜಮ್ಮ ಒಂದು ಬೆಳಿಗ್ಗೆ ಖಾಲಿ ಕೊಡ ಹಿಡಿದು ಅಂಗಳದ ಕೆಳಗೆ ನಿಂತಿದ್ದಳು. ಮೇಲೆ ಬರಲಿಲ್ಲ.

"ಮೂಕಾಂಬಿಕಕ್ಕ, ನಮ್ಮಿಂದ ಎಂತಾದರೂ ತಪ್ಪಾಯಿತಾ? ನೀರು ಬಿಡುವುದು ನಿಲ್ಲಿಸಿದ್ದೀರಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೂಕಾಂಬಿಕಾ ಕೆಳಗೆ ಇಳಿದಳು. ಕೈಜಮ್ಮನ ಕೈ ಹಿಡಿದು ಟಾಂಕಿಯ ಹತ್ತಿರ ಕರೆದುಕೊಂಡು ಹೋಗಿ ಮುಚ್ಚಳ ತೆಗೆದು ತೋರಿಸಿದಳು. ತಳದಲ್ಲಿ ಕೆಸರು ಮಾತ್ರ ಇತ್ತು.

"ನಿಮಗೂ ಇಲ್ಲವಾ, ಯಾ ಅಲ್ಲಾಹ್!" ಎಂದಳು ಕೈಜಮ್ಮ.

ಅದೇ ಹೊತ್ತಿಗೆ ಕೃಷ್ಣಕುಮಾರನ ವ್ಯಾನು ಬಂತು. 'ಜಲ ಸಂರಕ್ಷಣೆಯ ನಡಿಗೆ'ಗೆಂದು ಹದಿನೆಂಟು ಮಂದಿ ಇಳಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಬಾಟ್ಲಿ. ಕೃಷ್ಣಕುಮಾರ ನೀಲಿ ಲೈಟು ಹಾಕಿಸಿ, ಒಣಗಿದ ತೊಟ್ಟಿಯ ಮುಂದೆ ಅವರನ್ನು ಸಾಲಾಗಿ ಬಗ್ಗಿಸಿ ನಿಲ್ಲಿಸಿ, ನಮ್ಮ ಹಿರಿಯರು ನೀರನ್ನು ಹೇಗೆ ಕಾಪಾಡಿದರು ಎಂದು ಭಾಷಣ ಶುರುಮಾಡಿದ.

ಪಿಕ್ಕಾಸು ಹಿಡಿದು ಕೆಲಸಕ್ಕೆ ಹೊರಟಿದ್ದ ಕಿಟ್ಟಣ್ಣ ಕೆಳಗಿನ ರಸ್ತೆಯಿಂದ ಕೂಗಿದ. "ಅಕ್ಕಾ, ಇಲ್ಲಿ ಒಮ್ಮೆ ಬನ್ನಿ!"

ಮೂಕಾಂಬಿಕಾ ಓಡಿದಳು. ವ್ಯಾನು ನಿಂತಿದ್ದಲ್ಲಿ, ರಸ್ತೆಗೆಂದು ಗುಡ್ಡ ಕಡಿದ ಗೋಡೆಯ ಬುಡದಿಂದ ತಿಳಿನೀರು ಹರಿದು ಚರಂಡಿ ಸೇರುತ್ತಿತ್ತು. ಡ್ರೈವರು ಅದನ್ನು ಬಕೆಟಿಗೆ ಹಿಡಿದು ಚಕ್ರ ತೊಳೆಯುತ್ತಿದ್ದ.

"ನಮ್ಮದೇ ನೀರು," ಎಂದ ಕಿಟ್ಟಣ್ಣ. "ಅಲ್ಲಿ ಬಾಯಿ ಮುಚ್ಚಿದರು, ಇಲ್ಲಿ ದಾರಿ ಮಾಡಿಕೊಂಡಿತು."

ಅವಳು ಆ ತೊಳೆದ ಚಕ್ರವನ್ನು ನೋಡಿದಳು. ಆಮೇಲೆ ಕಿಟ್ಟಣ್ಣನ ಕೈಯಿಂದ ಪಿಕ್ಕಾಸು ಕಿತ್ತುಕೊಂಡು ಸೀದಾ ಸುರಂಗಕ್ಕೆ ನುಗ್ಗಿದಳು. ಪ್ರವಾಸಿಗಳು ಗಡಿಬಿಡಿಯಲ್ಲಿ ಹೊರಗೆ ಬಂದರು.

"ಚೇಚೀ, ದಮ್ಮಯ್ಯ, ಒಡೆಯಬೇಡಿ! ಇದಕ್ಕೆಲ್ಲ ನೀವೇ ಸೈನು ಹಾಕಿದ್ದೀರಿ!"

"ಹೌದು ಮಾರಾಯ, ಸೈನು ನನ್ನದೇ," ಎಂದಳು ಮೂಕಾಂಬಿಕಾ. "ಅದಕ್ಕೇ ನಾನೇ ಒಡೆಯುವುದು."

ಮೊದಲ ಏಟಿಗೆ ಟೈಲ್ಸು ಒಡೆಯಿತು. ಎರಡನೆಯದಕ್ಕೆ ಕೈ ಜುಮ್ಮೆಂದಿತು, ಕಾಂಕ್ರೀಟು ಕದಲಲಿಲ್ಲ. ಹಿಂದಿನಿಂದ ಕಿಟ್ಟಣ್ಣ ಸಣ್ಣಗೆ ಹೇಳಿದ: "ಪೂರ್ತಿ ತೆಗೆದರೂ ನೀರು ಹಳೇ ದಾರಿಗೆ ಬರುತ್ತದೆ ಅಂತ ನಾನು ಹೇಳಲಾರೆ ಅಕ್ಕ. ಎರಡು ಮಳೆಗಾಲ ಬೇಕಾದೀತು. ಬಾರದೆಯೂ ಇದ್ದೀತು."

ಮೂಕಾಂಬಿಕಾ ಮತ್ತೆ ಪಿಕ್ಕಾಸು ಎತ್ತಿದಳು. ಕೈಜಮ್ಮ ಖಾಲಿ ಕೊಡವನ್ನು ಸುರಂಗದ ಬಾಯಲ್ಲಿಟ್ಟು, ಬೆನ್ನು ಬಗ್ಗಿಸಿ ಒಳಗೆ ಬಂದು, ಒಡೆದ ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದಳು.