ಪೆಟ್ಟಿಗೆಯ ಮೇಲೆ ಬಿಟ್ಟ ಕೋಳಿಮರಿ

ನಾನು ಗೆಳತಿ ತಾಸಿಂಗ್ ಮನೆಯ ಹಿತ್ತಲಲ್ಲಿ ಕೂತು ಗಂಜಿಗೆ ಶುಂಠಿ ಹೆಚ್ಚುತ್ತಿದ್ದೆ. ಸಾವಿನ ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಹಾಗಿಲ್ಲ. ಶವದ ಪೆಟ್ಟಿಗೆ ಮನೆಯಲ್ಲಿರುವಷ್ಟು ದಿನ ಒಲೆ ಆರುವ ಹಾಗಿಲ್ಲ. ತಾಸಿಂಗ್ ಬಂದು ಕೋಳಿಗೂಡಿಗೆ ಕೈಹಾಕಿ ಒಂದು ಹಳದಿ ಮರಿಯನ್ನು ಹಿಡಿದಳು.

"ಅದ್ಯಾಕೇ?"

"ರೊವೆನಾ ಪೆಟ್ಟಿಗೆ ಮೇಲೆ ಬಿಡ್ತೀನಿ."

ನನ್ನ ಚಾಕು ನಿಂತಿತು. ನಮ್ಮಲ್ಲಿ ಕೊಲೆಯಾದವರ ಪೆಟ್ಟಿಗೆಯ ಮೇಲೆ ಮಾತ್ರ ಮರಿ ಬಿಡುತ್ತಾರೆ. ಅದು ಮುಚ್ಚಳದ ಗಾಜನ್ನು ಕುಕ್ಕಿದಾಗಲೆಲ್ಲ ಕೊಂದವರ ಎದೆಯನ್ನು ಕುಕ್ಕುತ್ತದಂತೆ.

"ಅವಳನ್ನ ಯಾರೂ ಮುಟ್ಟಿಲ್ವಲ್ಲೇ. ಜನ ಏನಂದಾರು?"

"ಮುಟ್ದೇನೇ ಕೊಂದ್ರು. ಅನ್ಲಿ ಬಿಡು, ಇಷ್ಟ್ ದಿನ ಅಂದಿದ್ದು ಸಾಲ್ದಾ ಇಡಾಂಗ್?"

ತಾಸಿಂಗ್‌ಗೆ ಇಬ್ಬರೇ ಹೆಣ್ಣುಮಕ್ಕಳು. ದೊಡ್ಡವಳು ರೊವೆನಾ ಸಂಜೆ ಕೋಣೆಯ ಬಾಗಿಲು ಹಾಕಿಕೊಂಡು, ಕಂಪ್ಯೂಟರಿನಲ್ಲಿ ಕೊರಿಯಾದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮನೆಗೆ ತಗಡಿನ ಸೂರು ಬಂದದ್ದು, ತಂಗಿ ಜೆಸೆಲ್ ಕಾಲೇಜಿಗೆ ಹೋದದ್ದು ಅದರಿಂದಲೇ.

ಫೇಸ್‌ಬುಕ್ಕಿನಲ್ಲಿ ನಮ್ಮೂರಿನದೊಂದು ಪುಟವಿತ್ತು, 'ಬಂದರಿನ ಕಿವಿ' ಅಂತ. ನಡೆಸುವವರು ಯಾರೆಂದು ಯಾರಿಗೂ ಗೊತ್ತಿಲ್ಲ. ದೊಡ್ಡ ಚಂಡಮಾರುತದ ವರ್ಷ ಊರಿನ ಮುಖಂಡ ಪರಿಹಾರದ ಅಕ್ಕಿಯನ್ನು ತನ್ನ ದೋಣಿಮನೆಯಲ್ಲಿ ಬಚ್ಚಿಟ್ಟಿದ್ದ. ಕಿವಿ ಅದರ ಚಿತ್ರ ಹಾಕಿತು. ಮೂಟೆಗಳು ತಾವಾಗಿ ಹೊರಗೆ ಬಂದವು. ಆ ಹೆಸರಿಲ್ಲದ ಕೈಗಾಗಿ ನಾನೂ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದ್ದೆ. ಹೆಸರು ಹಾಕಿದ್ದರೆ ಆ ಕೈಯನ್ನು ಮುರಿಯುತ್ತಿದ್ದರು.

ಹಸಿವು ಹೊಟ್ಟೆಗೆ ಮಾತ್ರ ಇರುವುದಲ್ಲ, ಕಿವಿಗೂ ಇರುತ್ತದೆ. ಒಂದು ದಿನ ಅದು ರೊವೆನಾಳ ಮುಚ್ಚಿದ ಕಿಟಕಿಯ ಚಿತ್ರ ಹಾಕಿತು: 'ಬಾಗಿಲು ಹಾಕಿಕೊಂಡು ಪರದೇಶದವರಿಗೆ ಏನು ತೋರಿಸುತ್ತಾಳೆ ನಮ್ಮ ಟೀಚರಮ್ಮ?' ಊರೆಲ್ಲ ನಕ್ಕಿತು. ಸ್ವಂತ ಫೋಟೋದ ಜಾಗದಲ್ಲಿ ಹೂವಿನ ಮುಖ, ನಾಯಿಯ ಮುಖ, ಸಿನಿಮಾದವರ ಮುಖ ಹೊತ್ತುಕೊಂಡು ನಕ್ಕಿತು. 'ದರ ಎಷ್ಟು?' ಅಂತ ಒಬ್ಬ ಬರೆದ. ಮಾರನೆಯ ದಿನ ನೀರಿನ ಪಂಪಿನ ಹತ್ತಿರ ಹುಡುಗರು ಅದನ್ನೇ ಕೂಗಿದರು. ಮದುವೆಯಾಗಬೇಕಿದ್ದವನು ಉಂಗುರ ತಿರುಗಿ ಕಳಿಸಿದ.

ಆಗ ಪೊಲೀಸರಿಗೊಂದು ದೂರು ಬರೆಸಲು ತಾಸಿಂಗ್ ನನ್ನ ಹತ್ತಿರ ಬಂದಳು. ಅವಳಿಗೆ ಓದು ಬಾರದು. ನಾನು ತಲೆ ನರೆತ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತವಳು. ಮಾಡಿದವರ ಹೆಸರಿನ ಜಾಗದಲ್ಲಿ 'ಯಾರೋ' ಎಂದು ಬರೆದು ಮುಗಿಸಿದೆ. ಸಹಿ ಹಾಕಲು ರೊವೆನಾ ಬಿಡಲಿಲ್ಲ.

"ಬೇಡಮ್ಮಾ, ಹೆಸ್ರು ಹಾಕಿದ್ರೆ ಇನ್ನೂ ನಗ್ತಾರೆ."

ಕಾಗದ ನನ್ನ ತಗಡಿನ ಡಬ್ಬಿಯಲ್ಲೇ ಉಳಿಯಿತು. ಆಮೇಲೆ ಆ ಹುಡುಗಿ ತನ್ನ ಜೀವ ತಾನೇ ತೆಗೆದುಕೊಂಡಳು.

ಮರಿ ಗಾಜಿನ ಮೇಲೆ ಓಡಾಡಿತು. ಕೆಳಗೆ ರೊವೆನಾಳ ಮುಖ. ಮೀನು ಮಾರುವ ನಿಂಫಾ ಶಿಲುಬೆ ಗುರುತು ಮಾಡಿಕೊಂಡು ಬಗ್ಗಿ ನೋಡಿದಳು.

"ಅಯ್ಯೋ, ಎಷ್ಟ್ ಮುದ್ದಾಗಿದೆ! ನನ್ನ ಕುಕ್ಬೇಡ ಕಣಪ್ಪಾ, ನಾನು ಬರೀ ಓದ್ದೆ ಅಷ್ಟೇ."

"ಓದಿ ನಗ್ಲಿಲ್ವಾ?" ಎಂದೆ.

"ನಗು ಬಂದ್ರೆ ತಡೆಯೋಕಾಗತ್ತಾ ಲೋಲಾ? ಗಂಜಿಗೆ ಮೊಟ್ಟೆ ಹಾಕಿಲ್ವಾ ಈ ಸಲ?"

ಲೋಲಾ ಅಂದರೆ ಅಜ್ಜಿ. ಊರಿಗೆಲ್ಲ ನಾನು ಅಜ್ಜಿಯೇ; ಇಡಾಂಗ್ ಅಂತ ಕರೆಯುವವಳು ತಾಸಿಂಗ್ ಒಬ್ಬಳೇ.

ಮರುದಿನ ಜನ ಬರುವ ಮೊದಲೇ ನಾನು ಮರಿಗೆ ಒಂದು ಚಿಟಿಕೆ ನುಚ್ಚು ಹಾಕಿದೆ. ಮಧ್ಯಾಹ್ನ ನಿಂಫಾ ಬಾಯಿಗೆ ಅಂಗೈ ಒತ್ತಿಕೊಂಡು, ನಗು ತಡೆಯುತ್ತ ಫೋನ್ ತಂದು ತೋರಿಸಿದಳು. ಕಿವಿ ಮತ್ತೆ ಮಾತಾಡಿತ್ತು. ಪೆಟ್ಟಿಗೆಯ ಮೇಲಿನ ಮರಿಯ ಚಿತ್ರ, ಅಡಿಯಲ್ಲಿ: 'ಸಾಕ್ಷಿ ಬಂದಿದೆ. ಕೊಲೆಗಾರರೇ, ತಲಾ ಒಂದು ಹಿಡಿ ಅಕ್ಕಿ ತನ್ನಿ, ಬಾಯಿ ಮುಚ್ಚಿಸೋಣ.' ಅದರ ಕೆಳಗೆ ನಗುವ ಮುಖಗಳು. ಆ ಮುಖಗಳ ಒಡೆಯರೆಲ್ಲ ಹೊರಗೆ ನಮ್ಮ ಗಂಜಿ ಕುಡಿಯುತ್ತಿದ್ದರು.

ಚಿತ್ರದಲ್ಲಿ ನುಚ್ಚು ಹಾಕುವ ಒಂದು ಕೈ ಇತ್ತು. ಕಿರುಬೆರಳು ಸೊಟ್ಟ. ನನ್ನದೇ ಕೈ.

ನುಚ್ಚು ಹಾಕಿದ ಹೊತ್ತಿನಲ್ಲಿ ಮನೆಯಲ್ಲಿದ್ದದ್ದು ನಾನು, ತಾಸಿಂಗ್, ಜೆಸೆಲ್. ತಾಸಿಂಗ್‌ಗೆ ಫೋನಿಲ್ಲ, ನನಗೂ ಇಲ್ಲ.

ತಾಸಿಂಗ್ ಚಿತ್ರ ನೋಡಿದಳು, ನನ್ನ ಬೆರಳು ನೋಡಿದಳು. ಕೈ ಗುರುತಿಸಲು ಅಕ್ಷರ ಬೇಡ. ನಿಂಫಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಜೆಸೆಲ್, ನಿನ್ನ ಫೋನ್ ಕೊಡು."

ಹೂ ಕಟ್ಟುತ್ತಿದ್ದ ಹುಡುಗಿ ಕೊಡಲಿಲ್ಲ. ಅಳಲೂ ಇಲ್ಲ.

"ಅಕ್ಕಿ ಬಂತಲ್ಲ, ಅವತ್ತು ಯಾರು ಕೊಡ್ಸಿದ್ದು ಅಂತ ಕೇಳಿದ್ರಾ? ಮೂರ್ ಹೊತ್ತೂ ಉಂಡ್ರಿ. ಈ ಮನೇಲಿ ಏನಾದ್ರೂ ಅಕ್ಕ ಕೊಟ್ಲು, ಅಕ್ಕ ತಂದ್ಲು. ನಾನೊಂದ್ ತಮಾಷೆ ಮಾಡ್ದೆ. ನಕ್ಕಿದ್ದು ನಾನಾ? ಊರು!"

"ಅವಳು ಸತ್ಲಲ್ಲೇ!"

"ನಾನೇನ್ ಸಾಯಿ ಅಂದ್ನಾ?"

ತಾಸಿಂಗ್ ಮರಿಯನ್ನು ಅಂಗೈಗೆ ತೆಗೆದುಕೊಂಡಳು. ಒಮ್ಮೆ ನೇವರಿಸಿದಳು. ಕತ್ತು ತಿರುಚಿ ನನ್ನ ಮಡಿಲಿಗೆ ಹಾಕಿದಳು.

"ಇನ್ನು ಅದು ಯಾರನ್ನೂ ಕುಕ್ಕೋದ್ ಬೇಡ. ಆ ಕಾಗದಾನೂ ಒಲೆಗ್ ಹಾಕು. ಒಬ್ಬಳನ್ನ ಮಣ್ಣಿಗೆ ಕೊಡ್ತಿದೀನಿ. ಇನ್ನೊಬ್ಬಳನ್ನ ಪೊಲೀಸ್ರಿಗೆ ಕೊಡ್ಲಾ?"

"ಹಾಕಲ್ಲ ಅಂದ್ರೆ?"

"ನನ್ ಪಾಲಿಗೆ ನೀನೂ ಸತ್ತೆ."

ರೊವೆನಾಳನ್ನು ಹೂತೆವು. ಒಂಬತ್ತು ದಿನದ ಪ್ರಾರ್ಥನೆಯನ್ನು ಜೆಸೆಲ್ಲೇ ಮುಂದೆ ನಿಂತು ಹೇಳಿಸಿದಳು. ದನಿ ಬಹಳ ಚೆನ್ನಾಗಿದೆ. ಹೆತ್ತ ಕರುಳಿನ ಮುಂದೆ ನಾನು ಯಾರು ಅಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಕಾಗದವನ್ನು ಮಾತ್ರ ಸುಡಲಿಲ್ಲ. ಕಡೆಯ ದಿನ ಪ್ರಾರ್ಥನೆ ಮುಗಿದು ಸಿಹಿ ಹಂಚುವಾಗ ನಿಂಫಾ ಮತ್ತೆ ಫೋನ್ ಹಿಡಿದು ಬಂದಳು. 'ಬೇಕರಿಯವನ ಮಗಳ ಹೊಟ್ಟೆ ಹಿಟ್ಟಿನ ಹಾಗೆ ಉಬ್ಬುತ್ತಿದೆಯಲ್ಲ, ಯಾಕೆ?' ಆ ಮಗು ಇನ್ನೂ ಶಾಲೆಯ ಲಂಗ ತೊಡುತ್ತದೆ. ನಗುವ ಮುಖಗಳು ಆಗಲೇ ಸಾಲುಗಟ್ಟಿದ್ದವು.

ಬೆಳಿಗ್ಗೆ ಡಬ್ಬಿ ತೆಗೆದೆ. 'ಯಾರೋ' ಎಂಬುದನ್ನು ಹೊಡೆದು ಜೆಸೆಲ್ ಎಂದು ಬರೆದೆ. ಕೆಳಗೆ ನನ್ನ ಪೂರ್ತಿ ಹೆಸರು: ಲಿಯೊನಿದಾ ಬಕಾನಿ. ದಾರಿಯಲ್ಲಿ ತಾಸಿಂಗ್ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಲಕೋಟೆಯನ್ನು ನೋಡಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಪೇಟೆಯ ಅಂಚೆ ಕಚೇರಿಯ ಹುಡುಗಿ ಲಕೋಟೆ ತಿರುಗಿಸಿ ನೋಡಿದಳು.

"ಪೊಲೀಸ್ರಿಗಾ? ಕಳಿಸೋರ ಹೆಸ್ರು ಇಷ್ಟ್ ದೊಡ್ಡದಾಗಿ ಬರ್ದಿದೀರಲ್ಲ ಲೋಲಾ. ಹೆದ್ರಿಕೆ ಇಲ್ವಾ?"

"ಇದೆ ಕಣಮ್ಮಾ. ಮುದ್ರೆ ಒತ್ತು."

ಅವಳು ಒತ್ತಿದಳು.